ಹೆಸರಿಲ್ಲದ ಬಾಟಲಿ ಮತ್ತು ಮುಚ್ಚಿದ ಕಿಟಕಿ: ಮನೆಯ ಕೆಮಿಕಲ್‌ಗಳಿಗೆ ಒಂದು ಭಾನುವಾರ ಕೊಡಿ

ಮೂವತ್ತೊಂದು ವರ್ಷ ಮುಂಬೈಯ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡೆಂಟ್ ಆಗಿದ್ದೆ. ಕುಂದಾಪುರದ ಕಡೆಯವನು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಹತ್ತನೇ ಕ್ಲಾಸ್ ಮುಗಿಸಿದವನು. ಹಾಗಾಗಿ ಕೆಮಿಸ್ಟ್ರಿಯನ್ನು ಪುಸ್ತಕದಿಂದ ಕಲಿತದ್ದು ಕಡಿಮೆ, ಬೈಗುಳದಿಂದ ಕಲಿತದ್ದೇ ಜಾಸ್ತಿ. ಮೊದಲ ವಾರವೇ ಒಂದು ಬಾಟಲಿಗೆ ಲೇಬಲ್ ಹಚ್ಚದೆ ಶೆಲ್ಫಿನಲ್ಲಿಟ್ಟಿದ್ದೆ. ಒಳಗಿದ್ದದ್ದು ಬರೀ ಡಿಸ್ಟಿಲ್ಡ್ ವಾಟರ್. ಹಾಗೆಂದು ಹೇಳಿದ್ದಕ್ಕೆ ಸರ್, "ಅದು ನಿನಗೆ ಗೊತ್ತು. ನಾಳೆ ನೀನು ರಜೆ ಹಾಕಿದರೆ ನನಗೆ ಹೇಗೆ ಗೊತ್ತಾಗಬೇಕು?" ಎಂದು ಆ ನೀರನ್ನು ನನ್ನಿಂದಲೇ ಚೆಲ್ಲಿಸಿದರು.

ಇಷ್ಟು ಕಲಿತವನ ಮನೆಯಲ್ಲೇ ಆದದ್ದು ಕೇಳಿ.

ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ ನಮ್ಮದು ವನ್ ರೂಮ್ ಕಿಚನ್. ಭಾನುವಾರ ಬೆಳಗ್ಗೆ ಸೈಕಲ್ ಮೇಲೆ ಫಿನೈಲ್‌ವಾಲಾ ಬರುತ್ತಾನೆ. ಹಳೆ ನೀರಿನ ಬಾಟಲಿ, ಕೋಲ್ಡ್ ಡ್ರಿಂಕ್ ಬಾಟಲಿ, ಅದರಲ್ಲಿ ಫಿನೈಲ್, ಆಸಿಡ್, ಬಟ್ಟೆಗೆ ಹಾಕುವ ಬ್ಲೀಚ್ ನೀರು. ಅಗ್ಗ. ನಮ್ಮವಳು ಎರಡು ಬಾಟಲಿ ಕೊಂಡು ಮೋರಿಯ ಪಕ್ಕ ಇಟ್ಟಿದ್ದಳು. ಊರಿನವರಿಗೆ ಮೋರಿ ಅಂದರೆ ಚರಂಡಿ, ಇಲ್ಲಿ ಅಡುಗೆಮನೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ, ಕೆಲವರು ಸ್ನಾನವನ್ನೂ ಮಾಡುವ ಜಾಗ. ನನ್ನ ತಂಗಿಯ ಮಗ ಮೇ ತಿಂಗಳ ಸೆಕೆಯಲ್ಲಿ ರಾತ್ರಿ ಬಸ್ಸಿಳಿದು ಬಂದವನು, ಬಾಯಾರಿ, ಕೈಗೆ ಸಿಕ್ಕ ನೀರಿನ ಬಾಟಲಿ ಎತ್ತಿದ. ಒಂದೇ ಗುಟುಕು. ತಕ್ಷಣ ಉಗಿದ, ಪುಣ್ಯ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಏನು ಕುಡಿದ?" ನಮ್ಮವಳು ಆಸಿಡ್ ಅಂದಳು. ನಾನು ಬ್ಲೀಚ್ ಅಂದೆ. ಬಾಟಲಿಯನ್ನು ತರುವ ಬುದ್ಧಿ ಇಬ್ಬರಿಗೂ ಬಂದಿರಲಿಲ್ಲ. ಮೂರು ದಶಕ ಲೇಬಲ್ ಹಚ್ಚಿದ ಮನುಷ್ಯ ನಾನು, ಅಲ್ಲಿ ಬೆಪ್ಪನ ಹಾಗೆ ನಿಂತಿದ್ದೆ. ಹುಡುಗನಿಗೆ ಬಾಯಿ ತುಂಬ ಹುಣ್ಣಾಗಿ ಹತ್ತು ದಿನ ಗಂಜಿ ನೀರಿನಲ್ಲೇ ಕಳೆಯಿತು.

ಕೆಮಿಕಲ್ ಎಂದ ಕೂಡಲೇ ಹೆದರುವ ಪೈಕಿ ನಾನಲ್ಲ. ಉಪ್ಪೂ ಕೆಮಿಕಲ್ಲೇ. ಲ್ಯಾಬಿನಲ್ಲಿ ಇದಕ್ಕಿಂತ ಹತ್ತು ಪಟ್ಟು ಕೆಟ್ಟ ಸರಕು ಇತ್ತು. ಆದರೂ ನಾವೆಲ್ಲ ನೆಟ್ಟಗೆ ರಿಟೈರ್ ಆದೆವು. ಏಕೆಂದರೆ ಅಲ್ಲಿ ಬಾಟಲಿಗೆ ಹೆಸರಿತ್ತು, ಹೊಗೆ ಎಳೆಯುವ ಫ್ಯಾನ್ ಇತ್ತು. ಮನೆಯಲ್ಲಿ ಎರಡೂ ಇಲ್ಲ. ಅದರಲ್ಲೂ ಮುಂಬೈಯ ಮನೆ ಅಂದರೆ ನಾಲ್ಕಡಿ ಅಗಲದ ಬಾತ್‌ರೂಮ್, ಅದಕ್ಕೆ ಹೆಸರಿಗೊಂದು ಗಾಜಿನ ಪಟ್ಟಿಯ ಕಿಟಕಿ. ನಾವು ಡೊಂಬಿವಲಿಯವರು ಎಂಐಡಿಸಿ, ಅಂದರೆ ಇಲ್ಲಿನ ಸರ್ಕಾರಿ ಕೈಗಾರಿಕಾ ವಸಾಹತಿನ, ಫ್ಯಾಕ್ಟರಿಗಳ ವಾಸನೆಗೆ ಬೈಯುತ್ತಲೇ ಇರುತ್ತೇವೆ. ಬೈಯಲೇಬೇಕು. 2020ರಲ್ಲಿ ಅಲ್ಲಿನ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿತ್ತು. 2024ರ ಮೇ ತಿಂಗಳಲ್ಲಿ ಒಂದು ಕಾರ್ಖಾನೆ ಸಿಡಿದಾಗ ಸುತ್ತಲಿನ ಮನೆಗಳ ಕಿಟಕಿ ಗಾಜು ಪುಡಿಯಾದವು. ಆದರೆ ಆ ವಾಸನೆಗೆ ಹೆದರಿ ಕಿಟಕಿ ಮುಚ್ಚಿ, ಒಳಗೆ ಸೊಳ್ಳೆ ಬತ್ತಿ ಹಚ್ಚಿ ಮಲಗುವವರೂ ನಾವೇ.

ಹಾಗಾಗಿ ಒಂದು ಭಾನುವಾರ ಕೂತು ಈ ಕೆಲಸ ಮಾಡಿ. ನನಗೆ ಮೂರು ಗಂಟೆ ಹಿಡಿಯಿತು, ಅದರಲ್ಲಿ ಒಂದು ಗಂಟೆ ಮನೆಯವಳ ಜೊತೆ ವಾದಕ್ಕೆ ಹೋಯಿತು.

ಎಲ್ಲವನ್ನೂ ಹೊರಗೆ ತೆಗೆಯಿರಿ

ಸಿಂಕಿನ ಕೆಳಗೆ, ಬಾತ್‌ರೂಮಿನ ಅಟ್ಟ, ಟಿವಿಯ ಹಿಂದೆ, ದೇವರ ಗೂಡಿನ ಕೆಳಗಿನ ಖಾನೆ. ಎಲ್ಲವನ್ನೂ ತಂದು ಹಳೆ ಪೇಪರ್ ಮೇಲೆ ಸಾಲಾಗಿ ಇಡಿ. ನಮ್ಮ ಪುಟ್ಟ ಮನೆಯಲ್ಲಿ 23 ಸಿಕ್ಕಿದವು. ಹೆಸರಿಲ್ಲದವನ್ನು ಬೇರೆ ಮಾಡಿ. ಮೂಸಿ ಕಂಡುಹಿಡಿಯಲು ಹೋಗಬೇಡಿ. ಲ್ಯಾಬಿನಲ್ಲಿ ಮೂಸಲೇಬೇಕಾದರೂ ಬಾಟಲಿಯನ್ನು ದೂರ ಹಿಡಿದು ಅಂಗೈಯಿಂದ ಗಾಳಿಯನ್ನು ಮೂಗಿನ ಕಡೆ ಸ್ವಲ್ಪ ತಳ್ಳಿಕೊಳ್ಳುತ್ತಿದ್ದೆವು. ಮನೆಯಲ್ಲಿ ಆ ಸಾಹಸವೂ ಬೇಡ.

ಹೆಸರು ಗೊತ್ತಿಲ್ಲದ್ದನ್ನು ಇಟ್ಟುಕೊಳ್ಳಬೇಡಿ. ಹಾಗೆಂದು ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿಯುವುದು, ಒಂದರ ಹಿಂದೆ ಒಂದು ಮೋರಿಗೆ ಚೆಲ್ಲುವುದು, ಎರಡೂ ಅಪಾಯ. ಮುಚ್ಚಳ ಬಿಗಿ ಮಾಡಿ, ಬಾಟಲಿಯ ಮೇಲೆ "ವಿಷ" ಎಂದು ದಪ್ಪಗೆ ಬರೆದು, ಬೇರೆ ಚೀಲದಲ್ಲಿಟ್ಟು ಕಸದವರಿಗೆ ಹೇಳಿ ಕೊಡಿ. ಕೀಟನಾಶಕದ ಡಬ್ಬ, ಪೇಂಟಿನ ಡಬ್ಬ, ಟ್ಯೂಬ್‌ಲೈಟ್, ಒಡೆದ ಪಾದರಸದ ಥರ್ಮಾಮೀಟರ್ ಇವೆಲ್ಲ ಮನೆಯ ಅಪಾಯಕಾರಿ ಕಸ, ಬೇರೆಯಾಗಿಯೇ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿತ್ತು. ಬೆಳಗ್ಗೆ ಗಾಡಿ ತರುವ ಹುಡುಗ ಬರಿಗೈಯಲ್ಲಿ ಕಸ ಕೆದಕುತ್ತಾನೆ, ಅವನನ್ನು ನೆನೆದಾದರೂ ಬೇರೆ ಕಟ್ಟಿ.

ಫಿನೈಲ್‌ವಾಲಾನಿಂದ ಆಸಿಡ್ ಕೊಳ್ಳುವುದನ್ನು ನಾವು ನಿಲ್ಲಿಸಿದೆವು. 2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ಮಾರಾಟಕ್ಕೆ ಕಟ್ಟು ಹಾಕಿತು. ಕೊಳ್ಳುವವರಿಗೆ 18 ತುಂಬಿರಬೇಕು, ಗುರುತಿನ ಚೀಟಿ ತೋರಿಸಬೇಕು, ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಸೈಕಲ್ಲಿನ ಹಿಂದೆ ಪುಸ್ತಕ ಎಲ್ಲಿಂದ ಬರಬೇಕು? ಅವನ ಹೊಟ್ಟೆಪಾಡು ನನಗೆ ಗೊತ್ತು. ಫಿನೈಲನ್ನು ಈಗಲೂ ಅವನ ಹತ್ತಿರವೇ ಕೊಳ್ಳುತ್ತೇನೆ, ಆದರೆ ನನ್ನ ಕ್ಯಾನ್ ಒಯ್ದು ತುಂಬಿಸಿಕೊಂಡು ಬರುತ್ತೇನೆ. ಕ್ಯಾನ್ ಮೇಲೆ ಹೆಸರು ಮೊದಲೇ ಬರೆದಿರುತ್ತದೆ.

ಇಡುವ ಜಾಗದ ವಿಷಯ. ಆಸಿಡ್ ಯಾವತ್ತೂ ಕೆಳಗಿನ ಶೆಲ್ಫಿನಲ್ಲಿ ಎನ್ನುವುದು ಲ್ಯಾಬಿನ ನಿಯಮ, ಏಕೆಂದರೆ ಮೇಲಿಂದ ಜಾರಿದರೆ ಮುಖಕ್ಕೇ ಬೀಳುತ್ತದೆ. ಮನೆಯಲ್ಲಿ ಕೆಳಗಿಟ್ಟರೆ ಮಕ್ಕಳ ಕೈಗೆ ಸಿಗುತ್ತದೆ. ಮೊಮ್ಮಗಳು ಅಂಬೆಗಾಲಿಡಲು ಶುರು ಮಾಡಿದಾಗ ನಾನು ಒಂದು ತಗಡಿನ ಪೆಟ್ಟಿಗೆ ತಂದು, ಚಿಲಕ ಹಾಕಿ, ಬೀಗ ಜಡಿದು ಕೆಳಗೇ ಇಟ್ಟೆ. ಅದರಲ್ಲಿ ಬ್ಲೀಚ್ ಇಲ್ಲ. ಬ್ಲೀಚಿಗೆ ಬೇರೆ ಜಾಗ. ಯಾಕೆ ಅಂದರೆ ಮುಂದೆ ಓದಿ.

ಒಂದಕ್ಕೊಂದು ಸೇರಿಸಬೇಡಿ

ಈ ಬರಹದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ.

ಟಾಯ್ಲೆಟ್ ತೊಳೆಯುವ ಲಿಕ್ವಿಡ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್. ಬ್ಲೀಚಿನಲ್ಲಿ ಇರುವುದು ಸೋಡಿಯಂ ಹೈಪೋಕ್ಲೋರೈಟ್. ಎರಡೂ ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ಕಮೋಡಿನ ಹಳದಿ ಕಲೆ ಹೋಗಲಿಲ್ಲ ಎಂದು ಒಂದರ ಮೇಲೆ ಇನ್ನೊಂದು ಸುರಿದಿರೋ, ಕ್ಲೋರಿನ್ ಗ್ಯಾಸ್ ಏಳುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಗ್ಯಾಸನ್ನು. ಅಲ್ಲಿ ಬಯಲಿತ್ತು, ಇಲ್ಲಿ ನಾಲ್ಕಡಿ ಬಾತ್‌ರೂಮ್, ಅದರಲ್ಲಿ ಬಗ್ಗಿ ಕೂತು ಉಜ್ಜುವ ಹೆಂಗಸು. ಗ್ಯಾಸು ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಅವಳ ಮೂಗೂ ಅಲ್ಲೇ ಇರುತ್ತದೆ.

ವಿನೆಗರ್, ನಿಂಬೆರಸ ಕೂಡ ಆಸಿಡ್ಡೇ. "ನ್ಯಾಚುರಲ್" ಎಂದು ಬ್ಲೀಚಿಗೆ ಅವನ್ನೂ ಹಾಕಬಾರದು. ಅಮೋನಿಯಾ ಇರುವ ಗಾಜು ಒರೆಸುವ ಲಿಕ್ವಿಡ್ ಸೇರಿದರೆ ಕ್ಲೋರಮಿನ್ ಎಂಬ ಇನ್ನೊಂದು ಗ್ಯಾಸ್. ಅದೂ ಕಣ್ಣು, ಗಂಟಲು, ಶ್ವಾಸಕೋಶವನ್ನು ಸುಡುತ್ತದೆ. ಬ್ಲೀಚಿಗೆ ಗೆಳೆಯ ನೀರು ಮಾತ್ರ, ಅದೂ ತಣ್ಣೀರು.

ಅಳತೆ ಹೇಳುತ್ತೇನೆ. ಬಾಟಲಿಯ ಮೇಲೆ 5 ಪರ್ಸೆಂಟ್ ಎಂದಿದ್ದರೆ, ಒಂದು ಲೋಟ ಬ್ಲೀಚಿಗೆ ಅದೇ ಲೋಟದಲ್ಲಿ 49 ಲೋಟ ನೀರು. ಆಗ 0.1 ಪರ್ಸೆಂಟ್ ಆಗುತ್ತದೆ, ನೆಲ ಒರೆಸಲು ಧಾರಾಳ ಸಾಕು. ಮೊದಲು ನೀರು, ಆಮೇಲೆ ಬ್ಲೀಚ್. ಅವತ್ತಿನದು ಅವತ್ತಿಗೆ, ನಾಳೆಗೆ ಇಟ್ಟರೆ ಸತ್ವ ಇರುವುದಿಲ್ಲ. ನಮ್ಮವಳು ಮೊದಲು ಕಣ್ಣಳತೆಯಲ್ಲಿ ಸುರಿಯುತ್ತಿದ್ದಳು. ಸಾಂಬಾರಿಗೆ ಕಣ್ಣಳತೆ ಸರಿ, ಇದಕ್ಕಲ್ಲ.

ಚರಂಡಿ ಕಟ್ಟಿದರೆ ಹಾಕುವ ಪುಡಿಯಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಇರುತ್ತದೆ. ನೀರು ತಾಗಿದರೆ ಕೊತಕೊತ ಬಿಸಿಯಾಗುತ್ತದೆ. ಅದರ ಮೇಲೆ ಆಸಿಡ್ ಸುರಿದರೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಪುಡಿ ಕೆಲಸ ಮಾಡಲಿಲ್ಲ ಅಂದರೆ ಪ್ಲಂಬರ್‌ಗೆ ಫೋನ್ ಮಾಡಿ, ಹಾಕಿದ್ದು ಏನು ಅಂತ ಅವನಿಗೂ ಹೇಳಿ.

ಅಂತೂ ತೊಳೆಯುವುದು ಹೇಗೆ? ನಲ್ಲಿ, ಬಕೆಟ್, ಟೈಲ್ಸಿನ ಬಿಳಿ ಕಲೆ ನೀರಿನ ಸುಣ್ಣದ್ದು. ಅದಕ್ಕೆ ಸಿಟ್ರಿಕ್ ಆಸಿಡ್ ಹರಳು ಸಾಕು. ಕಿರಾಣಿ ಅಂಗಡಿಯಲ್ಲಿ ನಿಂಬೂ ಫೂಲ್ ಅಂತ ಕೇಳಿ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ, ಬಟ್ಟೆ ಅದ್ದಿ ಸುತ್ತಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಕಡಪ ಕಲ್ಲಿನ ಅಡುಗೆ ಕಟ್ಟೆಗೆ, ಮಾರ್ಬಲ್ಲಿಗೆ ಮಾತ್ರ ಇದನ್ನು ಮುಟ್ಟಿಸಬೇಡಿ. ಆ ಕಲ್ಲೇ ಸುಣ್ಣದ ಜಾತಿ, ಹೊಳಪು ಹೋಗಿ ಬಿಳಿಚಿಕೊಳ್ಳುತ್ತದೆ. ಜಿಡ್ಡಿಗೆ ಪಾತ್ರೆ ಸೋಪು, ಬಿಸಿನೀರು. ಮೊಬೈಲಿನಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿ ನೊರೆ ತೋರಿಸುತ್ತಾರಲ್ಲ, ಅದು ಆಸಿಡ್ಡೂ ಕ್ಷಾರವೂ ಒಂದನ್ನೊಂದು ಕೊಂದುಕೊಳ್ಳುವ ತಮಾಷೆ. ನೊರೆ ಇಳಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಅಪಾಯ ಏನಿಲ್ಲ, ಸುಮ್ನೆ ದುಡ್ಡು ದಂಡ.

ಸೊಳ್ಳೆ, ಜಿರಳೆ, ತಿಗಣೆ, ಇಲಿ

ಸಂಜೆ ಆರಕ್ಕೆ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚುವುದು ನಮ್ಮ ಇಡೀ ಬಿಲ್ಡಿಂಗಿನ ಅಭ್ಯಾಸ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಸುಟ್ಟು ಅಳೆದಿದ್ದರು. ಒಂದು ಬತ್ತಿಯ ಹೊಗೆಯ ನುಣ್ಣನೆ ಧೂಳು 75ರಿಂದ 137 ಸಿಗರೇಟಿನಷ್ಟು. ಪಕ್ಕದ ಮನೆಯ ಕಾಕುಗೆ (ಮರಾಠಿಯಲ್ಲಿ ಚಿಕ್ಕಮ್ಮ) ಇದನ್ನು ಹೇಳಿದೆ. "ನಮ್ಮವರು ಸಿಗರೇಟ್ ಬಿಟ್ಟು ಎಂಟು ವರ್ಷ ಆಯಿತಲ್ಲ" ಅಂದರು, ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾವು ಕಿಟಕಿಗೆ ಜಾಲರಿ ಹೊಡೆಸಿದೆವು, ಮೊಮ್ಮಗಳಿಗೆ ಪರದೆ. ಲಿಕ್ವಿಡ್ ಮಶೀನಿನಲ್ಲಿ ಹೊಗೆ ಇಲ್ಲ ನಿಜ, ಆದರೂ ಗಾಳಿಗೆ ಬಿಡುವುದು ಕೀಟನಾಶಕವನ್ನೇ. ಉಬ್ಬಸ ಇರುವವರ ಕೋಣೆಯಲ್ಲಿ, ಕಿಟಕಿ ಮುಚ್ಚಿ ರಾತ್ರಿಯಿಡೀ ಉರಿಸುವುದು ಬೇಡ.

ಕೀಟನಾಶಕದ ಡಬ್ಬದ ಮೇಲೆ ವಜ್ರಾಕಾರದ ಗುರುತು ಇರುತ್ತದೆ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ವಿಷ ಕಡಿಮೆ ಎಂದರ್ಥ, ವಿಷವೇ ಇಲ್ಲ ಎಂದಲ್ಲ. ಆ ಗುರುತೇ ಇಲ್ಲದ "ಸೊಳ್ಳೆ ಅಗರಬತ್ತಿ" ಲೋಕಲ್ ಟ್ರೈನಿನಲ್ಲಿ ಹತ್ತು ರೂಪಾಯಿಗೆ ಸಿಕ್ಕರೂ ಬೇಡ. ಅದರೊಳಗೆ ಏನಿದೆ ಎಂದು ಹೇಳುವ ಜವಾಬ್ದಾರಿ ಯಾರೂ ಹೊತ್ತಿಲ್ಲ. ಮತ್ತೆ ಅದೇ ಹೆಸರಿಲ್ಲದ ಬಾಟಲಿ.

ಜಿರಳೆಗೆ ಸ್ಪ್ರೇಗಿಂತ ಜೆಲ್ ಒಳ್ಳೆಯದು. ಬಾಗಿಲಿನ ಕೀಲು, ಸಿಲಿಂಡರಿನ ಹಿಂದೆ, ಚುಕ್ಕಿ ಚುಕ್ಕಿ ಇಟ್ಟರೆ ವಿಷ ಅಲ್ಲೇ ಇರುತ್ತದೆ, ಗಾಳಿಯಲ್ಲಿ ತೇಲುವುದಿಲ್ಲ. ಸ್ಪ್ರೇ ಮಾಡಲೇಬೇಕಾದರೆ ಮೊದಲು ಒಲೆ, ದೀಪ ಆರಿಸಿ. ಆ ಡಬ್ಬದ ಗ್ಯಾಸಿಗೆ ಬೆಂಕಿ ಹಿಡಿಯುತ್ತದೆ.

ತಿಗಣೆಗೆ, ವರ್ಷದ ಅಕ್ಕಿ ಗೋಧಿಗೆ ಕೆಲವರು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ತಂದಿಡುತ್ತಾರೆ. ಇದೊಂದನ್ನು ಕಣ್ಣು ಮುಚ್ಚಿ ಬೇಡ ಎನ್ನುತ್ತೇನೆ. ಗಾಳಿಯ ತೇವ ತಾಗಿದರೆ ಫಾಸ್ಫಿನ್ ಗ್ಯಾಸ್ ಬರುತ್ತದೆ. ಮುಂಬೈಯಲ್ಲಿ ತೇವಕ್ಕೇನು ಬರ! ಗೋಡೆಯ ಬಿರುಕಿನಲ್ಲಿ ನುಗ್ಗಿ ಪಕ್ಕದ ಮನೆಯವರನ್ನೂ ಕೊಲ್ಲಬಲ್ಲ ಗ್ಯಾಸ್ ಅದು, ಮದ್ದು ಇಲ್ಲ. ತರಬೇತಿ ಇಲ್ಲದವರಿಗೆ ಅದನ್ನು ಮಾರುವ ಹಾಗೇ ಇಲ್ಲ. ಬೇಳೆಗೆ ಹರಳೆಣ್ಣೆ ಸವರಿ, ಬಿಸಿಲಿಗೆ ಹಾಕಿ. ಅಥವಾ ನನ್ನ ಹಾಗೆ ತಿಂಗಳಿಗೆ ಬೇಕಾದಷ್ಟೇ ತನ್ನಿ, ಈ ಮನೆಯಲ್ಲಿ ವರ್ಷದ ಗೋಧಿ ಇಟ್ಟರೆ ನಾವು ಮಲಗುವುದೆಲ್ಲಿ?

ಇಲಿ ಪೇಸ್ಟಿನಲ್ಲಿ ಹಳದಿ ರಂಜಕ ಇದ್ದರೆ ಇನ್ನೊಂದು ಮೋಸ. ನುಂಗಿದವರು ಒಂದೆರಡು ದಿನ ಚೆನ್ನಾಗಿಯೇ ಇರುವಂತೆ ಕಾಣುತ್ತಾರೆ, ಆಮೇಲೆ ಲಿವರ್ ಕೈಕೊಡುತ್ತದೆ. ಆದ್ದರಿಂದ "ಏನೂ ಆಗಿಲ್ಲ" ಎಂದು ಕಾಯಬೇಡಿ. ನಾನಂತೂ ಇಲಿಗೆ ಬೋನು ಇಡುವವನು.

ಡಾಂಬರ್ ಗೋಳಿ

ನುಸಿ ಗುಳಿಗೆಗೆ ಇಲ್ಲಿ ಡಾಂಬರ್ ಗೋಳಿ ಎನ್ನುತ್ತಾರೆ. ಹಳೆಯದು ನ್ಯಾಫ್ತಲೀನ್. ಮಳೆಗಾಲದಲ್ಲಿ ಬಟ್ಟೆಗೆ ಮುಗ್ಗು ವಾಸನೆ ಬರುತ್ತದೆ ಎಂದು ಕಪಾಟಿನ ತುಂಬ ಹಾಕುತ್ತೇವೆ. ಮುಗ್ಗಿಗೂ ಅದಕ್ಕೂ ಸಂಬಂಧವೇ ಇಲ್ಲ, ವಾಸನೆ ಮುಚ್ಚುತ್ತದೆ ಅಷ್ಟೆ. ನುಸಿಗೆ ಬೇಕಾದದ್ದು ಉಣ್ಣೆ, ರೇಷ್ಮೆ. ನಿಮ್ಮ ಪಾಲಿಯೆಸ್ಟರ್ ಪ್ಯಾಂಟನ್ನು ಅದು ಮೂಸಿಯೂ ನೋಡುವುದಿಲ್ಲ.

ಸೊಸೆ ಬಾಣಂತನ ಮುಗಿಸಿ ಮಗು ಎತ್ತಿಕೊಂಡು ಬಂದಾಗ, ನಮ್ಮವಳು ಟ್ರಂಕಿನಿಂದ ಮಗನ ಹಳೆ ಉಣ್ಣೆ ಟೋಪಿ, ಶಾಲು ತೆಗೆದು ಪ್ರೀತಿಯಿಂದ ಹೊದಿಸಲು ಹೋದಳು. ಡಾಂಬರ್ ವಾಸನೆ ಗಮ್ಮೆಂದಿತು. ನಾನು ಅಡ್ಡ ಬಂದೆ, ದೊಡ್ಡ ಜಗಳವೇ ಆಯಿತು. ವಿಷಯ ಏನೆಂದರೆ, ಜಿ6ಪಿಡಿ ಎಂಬ ಎನ್‌ಜೈಮ್ ಕಡಿಮೆ ಇರುವ ಮಕ್ಕಳಿಗೆ ನ್ಯಾಫ್ತಲೀನ್ ತಾಗಿದರೆ, ಅದರ ಗಾಳಿ ಸಾಕು, ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಎಳೆ ಮಗುವಿಗೆ ಕಾಮಾಲೆ ಜೋರಾಗುತ್ತದೆ. ಆ ಕೊರತೆ ಇದೆಯೋ ಇಲ್ಲವೋ ಮುಖ ನೋಡಿ ಗೊತ್ತಾಗುವುದಿಲ್ಲ. ಟೋಪಿ, ಶಾಲನ್ನು ಎರಡು ಸಲ ಒಗೆದು, ವಾಸನೆ ಪೂರ್ತಿ ಹೋಗುವ ತನಕ ಬಿಸಿಲಿಗೆ ಹಾಕಿದ ಮೇಲೆ ಅಜ್ಜಿಯ ಆಸೆ ನೆರವೇರಿತು.

ಕರ್ಪೂರದ್ದೂ ಹೇಳಿಬಿಡುತ್ತೇನೆ, ಬೇಜಾರಾಗಬೇಡಿ. ಶೀತಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಹಚ್ಚುವುದು ನಮ್ಮ ಅಮ್ಮನೂ ಮಾಡಿದ್ದೇ. ಆದರೆ ಕರ್ಪೂರ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು. ಒಂದು ಬಿಲ್ಲೆ ನುಂಗಿದರಂತೂ ನೇರ ಆಸ್ಪತ್ರೆ. ದೇವರ ಗೂಡಿನ ಡಬ್ಬ ಮೇಲಿರಲಿ.

ಇನ್ನೆರಡು ಮಾತು, ಬೇಗ ಮುಗಿಸುತ್ತೇನೆ. 2017ರ ನವೆಂಬರ್‌ನಿಂದ ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿಗೆ 90 ಪಾಲು) ಜಾಸ್ತಿ ಇರಬಾರದು ಎಂಬ ನಿಯಮ ಜಾರಿಯಲ್ಲಿದೆ. ಅದಕ್ಕಿಂತ ಹಳೆಯ ಗೋಡೆ, ಬಾಗಿಲು, ಗ್ರಿಲ್ಲನ್ನು ಗಣಪತಿ ಹಬ್ಬಕ್ಕೆ ಕೆರೆಯುವಾಗ ನೀರು ಹಾಕಿ ಒದ್ದೆ ಮಾಡಿ ಕೆರೆಸಿ, ಮಕ್ಕಳನ್ನು ಅವತ್ತು ಬೇರೆಯವರ ಮನೆಗೆ ಕಳಿಸಿ. ಇನ್ನೊಂದು, ಹೆಸರು ವಿಳಾಸ ಇಲ್ಲದ ಡಬ್ಬಿಯ ಬೆಳ್ಳಗಾಗುವ ಕ್ರೀಮು. ಅಂಥವುಗಳಲ್ಲಿ ಪಾದರಸ ಸಿಕ್ಕಿದೆ. 2023ರಲ್ಲಿ ನಮ್ಮ ಮಹಾರಾಷ್ಟ್ರದ ಅಕೋಲಾದಲ್ಲಿ ಒಂದೇ ಮನೆಯ ಮೂವರಿಗೆ ಅದರಿಂದ ಕಿಡ್ನಿ ತೊಂದರೆಯಾದದ್ದು ಪೇಪರಿನಲ್ಲಿ ಬಂದಿತ್ತು.

ಆಗಬಾರದ್ದು ಆದರೆ

ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ. ಗಡಿಯಾರ ನೋಡಿಯೇ ತೊಳೆಯಿರಿ, ಎರಡು ನಿಮಿಷಕ್ಕೇ ಸಾಕೆನಿಸುತ್ತದೆ. ಲ್ಯಾಬಿನಲ್ಲಿ ನಾನು ಹುಡುಗರ ಕುತ್ತಿಗೆ ಹಿಡಿದು ನಲ್ಲಿಯ ಕೆಳಗೆ ನಿಲ್ಲಿಸುತ್ತಿದ್ದೆ. ಮೈಗೆ ಬಿದ್ದರೆ ಒದ್ದೆ ಬಟ್ಟೆ ಬಿಚ್ಚಿ ತೊಳೆಯಿರಿ. ಆಸಿಡ್ ಬಿದ್ದಿತೆಂದು ಸೋಡಾ ಹಚ್ಚುವುದು, ಅರಿಶಿನ ಹಚ್ಚುವುದು ಬೇಡ.

ಗ್ಯಾಸ್ ಎದ್ದರೆ ಬಕೆಟ್, ಬ್ರಷ್ ಅಲ್ಲೇ ಬಿಟ್ಟು ಹೊರಗೆ ಓಡಿ. ಆಮೇಲೂ ಕೆಮ್ಮು, ಉಸಿರು ಹಿಡಿಯುವುದು ಇದ್ದರೆ ಡಾಕ್ಟರ್ ಹತ್ತಿರ ಹೋಗಿ. ಶ್ವಾಸಕೋಶದ ಊತ ಕೆಲವು ಗಂಟೆ ಬಿಟ್ಟು ಬರುವುದೂ ಉಂಟು.

ನುಂಗಿದರೆ ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಹಳೆ ಕಾಲದ ತಪ್ಪು. ಆಸಿಡ್ ಇಳಿಯುವಾಗ ಒಮ್ಮೆ ಸುಟ್ಟದ್ದು ಹತ್ತುವಾಗ ಇನ್ನೊಮ್ಮೆ ಸುಡುತ್ತದೆ. ಸೀಮೆಎಣ್ಣೆ, ಟರ್ಪೆಂಟೈನ್ ಆದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಎಚ್ಚರ ಇದ್ದರೆ ಬಾಯಿ ಮುಕ್ಕಳಿಸಿ ಉಗಿಯಲಿ, ಅಷ್ಟೇ. ದಿಲ್ಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117, ದುಡ್ಡಿಲ್ಲದ ಕರೆ. ಆಂಬುಲೆನ್ಸಿಗೆ 108. ಹೋಗುವಾಗ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ನಿಮಗೆ ಗೊತ್ತು.

ಲೇಬಲ್ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. ಮೋರಿಯ ತೇವಕ್ಕೆ ಮಾರ್ಕರ್ ಬರಹ ತಿಂಗಳೊಳಗೆ ಅಳಿಸಿಹೋಗುತ್ತದೆ. ಲ್ಯಾಬಿನಲ್ಲಿ ನಾವು ಚೀಟಿ ಅಂಟಿಸಿ ಮೇಲೆ ಕರಗಿಸಿದ ಮೇಣ ಸವರುತ್ತಿದ್ದೆವು. ಮನೆಯಲ್ಲಿ ಅಗಲದ ಸೆಲೋಟೇಪ್ ಸಾಕು, ಬಾಟಲಿಯ ಸುತ್ತ ಒಂದು ಪೂರ್ತಿ ಸುತ್ತು ಬರಲಿ, ಇಲ್ಲದಿದ್ದರೆ ತುದಿ ಏಳುತ್ತದೆ. ಹೆಸರಿನ ಜೊತೆ ತಂದ ತಾರೀಖು ಬರೆಯಿರಿ. ನಮ್ಮ ಮನೆಯಲ್ಲಿ ಕನ್ನಡದಲ್ಲಿ ಬರೆದು, ಕೆಲಸಕ್ಕೆ ಬರುವ ಹೆಂಗಸಿಗಾಗಿ ಕೆಳಗೆ ಮರಾಠಿಯಲ್ಲೂ ಬರೆಯುತ್ತೇನೆ. ಬಾಟಲಿ ಹೆಚ್ಚು ಮುಟ್ಟುವವಳು ಅವಳೇ.